ಸದ್ದು ಎಲ್ಲಿಂದ ಅಂತ ತೋರಿಸುವ ತನಕ ಇಂಜಿನ್ ಬಿಚ್ಚಲು ಬಿಡಬೇಡಿ

ದಾವಣಗೆರೆ ಕಡೆ ಹಳೇ ಬೈಕ್ ಇಟ್ಟುಕೊಂಡವರು ಇದನ್ನೊಂದು ಸಲ ಓದಿ. ಗ್ಯಾರೇಜಿನ ಹೆಸರು ಹಾಕುವುದಿಲ್ಲ. ಇಂಥದ್ದು ಅದೊಂದೇ ಗ್ಯಾರೇಜಲ್ಲಿ ನಡೆಯುವುದೂ ಅಲ್ಲ.

ನನ್ನದು ಹೀರೋ ಹೋಂಡಾ ಕಾಲದ ಸ್ಪ್ಲೆಂಡರ್, 97.2 ಸಿಸಿ. ಆ ಎರಡು ಕಂಪನಿಗಳು ಬೇರೆಯಾಗಲು ಒಪ್ಪಿದ್ದು 2010ರ ಕೊನೆಗೆ. ಗಾಡಿಯ ವಯಸ್ಸು ನೀವೇ ಲೆಕ್ಕ ಹಾಕಿ. ಹೈವೇಯಲ್ಲಿ ಭರಮಸಾಗರಕ್ಕೆ ಹೋಗಿ ಬರುವುದು ನನ್ನ ಮಾಮೂಲಿ ಓಡಾಟ. ಈಚೆಗೆ ಬೆಳಿಗ್ಗೆ ಕಿಕ್ ಹೊಡೆದ ತಕ್ಷಣ ಇಂಜಿನ್ ಕಡೆಯಿಂದ ಚಟ್ ಚಟ್ ಚಟ್ ಅಂತ ಸದ್ದು ಶುರುವಾಗಿತ್ತು. ರೇಸ್ ಮಾಡಿದರೆ ಇನ್ನೂ ಜೋರು. ದಾರಿಯಲ್ಲಿ ಸಿಗುವ ಆನಗೋಡು ದಾಟುವಷ್ಟರಲ್ಲಿ ಸುಮಾರು ಕಮ್ಮಿಯಾಗುತ್ತಿತ್ತು. ಹೊಗೆ ಇಲ್ಲ, ಆಯಿಲ್ ಇಳಿದಿಲ್ಲ, ಪಿಕಪ್ ಚೆನ್ನಾಗೇ ಇದೆ.

"ಟ್ಯಾಪೆಟ್ ನೋಡಿ, ಬೇರೆ ಏನಾದ್ರೂ ಇದ್ರೆ ಮೊದಲು ಫೋನ್ ಮಾಡಿ" ಅಂತ ಹೇಳಿಯೇ ಗಾಡಿಯನ್ನು ಗ್ಯಾರೇಜಲ್ಲಿ ಬಿಟ್ಟು ಬಂದಿದ್ದೆ. ಟ್ಯಾಪೆಟ್ ಅಂದರೆ ವಾಲ್ವ್ ಒತ್ತಿ ತೆರೆಯುವ ಭಾಗ, ಸಡಿಲವಾದರೆ ಬಡಿಯುತ್ತದೆ. ಮಧ್ಯಾಹ್ನ ಫೋನ್ ಬಂತು. "ಸಾರ್, ಬಿಚ್ಚಿದೀವಿ, ಬೋರ್ ಹೋಗಿದೆ. ಬ್ಲಾಕ್ ಪಿಸ್ಟನ್ ಹಾಕ್ಲೇಬೇಕು." ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಮೈ, ಬ್ಲಾಕ್ ಅಂದರೆ ಆ ಸಿಲಿಂಡರ್. ಹೋಗಿ ನೋಡಿದರೆ ಸಿಲಿಂಡರ್ ಮುಚ್ಚುವ ಹೆಡ್ ನೆಲದ ಮೇಲಿದೆ, ಬೋಲ್ಟೆಲ್ಲ ಹಳೇ ಆಯಿಲ್ ಡಬ್ಬದಲ್ಲಿವೆ. ಆ ಸ್ಥಿತಿಯಲ್ಲಿ ಗಾಡಿ ತಳ್ಳಿಕೊಂಡು ಬೇರೆ ಗ್ಯಾರೇಜಿಗೆ ಹೋಗೋಕಾಗುತ್ತಾ? ಅದು ಅವರಿಗೂ ಗೊತ್ತು. ಬೋರ್ ಸವೆದಿದ್ದರೆ ನೀಲಿ ಹೊಗೆ ಬರಬೇಕಲ್ವಾ, ಆಯಿಲ್ ಕಮ್ಮಿಯಾಗಬೇಕಲ್ವಾ ಅಂತ ಕೇಳಿದೆ. "ಈಗ ಬರ್ತಿಲ್ಲ ಸಾರ್, ಮುಂದೆ ಬರುತ್ತೆ" ಅಂದ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಪಿಸ್ಟನ್ ಸವೆದರೂ ತಣ್ಣಗಿದ್ದಾಗ ಸದ್ದು ಜಾಸ್ತಿ, ಬಿಸಿಯಾದ ಮೇಲೆ ಕಮ್ಮಿ. ಅವನಿಗೆ ಅನುಮಾನ ಬಂದಿದ್ದರಲ್ಲಿ ತಪ್ಪಿಲ್ಲ. ಹೊರಗಿನಿಂದ ಒಂದೂ ಪರೀಕ್ಷೆ ಮಾಡದೆ, ನನ್ನನ್ನು ಕೇಳದೆ ಬಿಚ್ಚಿದ್ದು ತಪ್ಪು. ಬಿಲ್ ಏಳು ಸಾವಿರ ದಾಟಿತು. ಹಳೇ ಸಾಮಾನು ಕೊಡಿ ಅಂದರೆ "ಗುಜರಿಯವನು ತಗೊಂಡು ಹೋದ" ಎಂಬ ಉತ್ತರ. ಕಂಪನಿಯಿಂದ ಬಂದ ಬ್ಲಾಕ್ ಅದು. ನಿಜವಾಗಿ ಸವೆದಿದ್ದರೂ ಲೇತ್‌ನಲ್ಲಿ ಬೋರಿಂಗ್ ಮಾಡಿಸಿ, ಅಂದರೆ ಒಳಮೈ ಸ್ವಲ್ಪ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಬಹುದಿತ್ತು.

ಮರುದಿನ ಬೆಳಿಗ್ಗೆ ಕಿಕ್ ಹೊಡೆದೆ. ಅದೇ ಚಟ್ ಚಟ್.

ಕೊನೆಗೆ ಪತ್ತೆ ಮಾಡಿದ್ದು ಹದಡಿ ರಸ್ತೆ ಕಡೆ ಮರದ ಕೆಳಗೆ ಕೆಲಸ ಮಾಡುವ ಒಬ್ಬ ವಯಸ್ಸಾದ ಮೆಕ್ಯಾನಿಕ್. "ಚಾಚಾ, ಇಂಜಿನ್ ಕೆಲಸ ಮಾಡಿಸಿದ್ರೂ ಸದ್ದು ಹೋಗಿಲ್ಲ" ಅಂದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಗಾಡಿ ಪೂರ್ತಿ ತಣ್ಣಗಾಗಲಿ ಅಂತ ಬಿಟ್ಟರು. ಆಮೇಲೆ ಸ್ಟಾರ್ಟ್ ಮಾಡಿ, ಒದ್ದೆ ಬಟ್ಟೆಯನ್ನು ದಪ್ಪಗೆ ಮಡಚಿ ಸೈಲೆನ್ಸರ್ ಬಾಯಿಗೆ ಒಂದು ಕ್ಷಣ ಒತ್ತಿ ಹಿಡಿದರು. ಹೆಡ್‌ಗೆ ಬೆಂಡ್ ಪೈಪ್ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಪೈಪ್) ಸೇರುವ ಜಾಗದಲ್ಲಿ ಪುಸ್ ಪುಸ್ ಅಂತ ಹೊಗೆ ಚಿಮ್ಮಿತು. ಬಗ್ಗಿ ನೋಡಿದರೆ ಅಲ್ಲೇ ಸುತ್ತ ಬೆರಳಗಲ ಕಪ್ಪು ಮಸಿ. ಆ ಸಂದು ಮುಚ್ಚುವ ಸೈಲೆನ್ಸರ್ ಗ್ಯಾಸ್ಕೆಟ್ ಅಪ್ಪಚ್ಚಿಯಾಗಿತ್ತು. ಪೈಪ್ ಹಿಡಿದಿಡುವ ಒಂದು ಸ್ಟಡ್‌ನ ಥ್ರೆಡ್ ಹೋಗಿ ನಟ್ ಬಿಗಿಯಾಗಿ ಕೂರುತ್ತಿರಲಿಲ್ಲ. ಇಂಜಿನ್ ಕೆಲಸ ಮಾಡಿದವರು ಪೈಪ್ ಬಿಚ್ಚಿ, ಅದೇ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದರು! ಹೊಸ ಗ್ಯಾಸ್ಕೆಟ್‌ನ ಬೆಲೆ ಒಂದು ಸಂಜೆ ಮಂಡಕ್ಕಿ-ಮಿರ್ಚಿ ತಿಂದು ಚಹಾ ಕುಡಿದಷ್ಟೂ ಇಲ್ಲ.

ಕಿವಿ ಮೋಸ ಹೋಗುವುದಕ್ಕೆ ಕಾರಣ ಇದೆ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಎರಡು ಸುತ್ತು ತಿರುಗಿದರೆ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಒಂದು ಸುತ್ತು. ಎಕ್ಸಾಸ್ಟ್ ವಾಲ್ವ್ ತೆರೆದು ಗ್ಯಾಸ್ ಹೊರಬರುವುದೂ ಆ ಎರಡು ಸುತ್ತಿಗೆ ಒಂದೇ ಸಲ. ಸಡಿಲ ಟ್ಯಾಪೆಟ್ ಬಡಿಯುವುದಕ್ಕೂ ಗ್ಯಾಸ್ ಸೋರುವುದಕ್ಕೂ ತಾಳ ಒಂದೇ. ಪೈಪ್ ಬಿಸಿಯಾಗಿ ಹಿಗ್ಗಿದಾಗ ಸಂದು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಸದ್ದು ಇಳಿಯುತ್ತದೆ. ಆನಗೋಡಿನ ಗುಟ್ಟು ಅಷ್ಟೇ.

ಚಾಚಾ ಹೇಳಿದ ಇನ್ನೂ ಕೆಲವು ವಿಷಯ ಇಲ್ಲಿ ಹಾಕುತ್ತೇನೆ. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ ಕಡೆ ನೋಡಿ. ಎಡಗಡೆಯಿಂದ ಸರಸರ ಅಂತ ಬಂದರೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಇಲ್ಲವೇ ಅದರ ರೋಲರ್ ಇರಬಹುದು. ಅದಕ್ಕೆ ಈ ಗಾಡಿಯಲ್ಲಿ ಕ್ರ್ಯಾಂಕ್ ಹೊರಗೆ ತೆಗೆಯಬೇಕಿಲ್ಲ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜಿನ್‌ಗೆ ಇಟ್ಟು ಹಿಡಿಗೆ ಕಿವಿ ಕೊಟ್ಟರೆ ಸದ್ದಿನ ಜಾಗ ಸುಮಾರಾಗಿ ಸಿಗುತ್ತದೆ. ಏರು ಹತ್ತುವಾಗ, ಲೋಡ್ ಬಿದ್ದಾಗ, ಒಳಗಿನಿಂದ ದಪ್ಪಗೆ ದಡ್ ದಡ್ ಅಂದರೆ ಮಾತ್ರ ಗಾಡಿ ನಿಲ್ಲಿಸಿ. ಅದು ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು, ಬಿಚ್ಚಿ ನೋಡಲೇಬೇಕು.

ಗಾಡಿ ಬಿಡುವ ಮುಂಚೆ ತಣ್ಣನೆ ಸ್ಟಾರ್ಟ್‌ನ ವಿಡಿಯೋ ಮಾಡಿಟ್ಟುಕೊಳ್ಳಿ. "ಕೇಳದೆ ಇಂಜಿನ್ ಬಿಚ್ಚಬಾರದು, ಹಳೇ ಸಾಮಾನು ವಾಪಸ್ ಕೊಡಬೇಕು" ಅಂತ ಅವರದೇ ಚೀಟಿಯಲ್ಲಿ ಬರೆಸಿ. ನಾನು ಬಾಯಲ್ಲಿ ಹೇಳಿದ್ದನ್ನು ಅವರು ಕೇಳಿಸಿಕೊಂಡೇ ಇಲ್ಲ ಅಂದುಬಿಟ್ಟರು. ಬರೆದುಕೊಡಲ್ಲ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ, ಪಿ.ಬಿ. ರಸ್ತೆಯಲ್ಲಿ ಗ್ಯಾರೇಜ್‌ಗೇನು ಬರವಿಲ್ಲ. ಈಗಾಗಲೇ ಯಾರಾದರೂ ಬೋರ್ ಕೆಲಸ ಮಾಡಿಸಿಬಿಟ್ಟಿದ್ದರೆ, ಮೊದಲ ಆಯಿಲ್ ಬೇಗ ಬದಲಿಸಿ. ಇಳಿಸುವಾಗ ಬಿಳಿ ತಟ್ಟೆಗೆ ಹಿಡಿದು ಬಿಸಿಲಲ್ಲಿ ನೋಡಿ. ಹೊಸ ಪಿಸ್ಟನ್ ಕೂರುವಾಗ ಸಣ್ಣ ಹೊಳಪು ಇರುವುದು ಮಾಮೂಲಿ. ಬೆರಳಿಗೆ ಸಿಗುವಂಥ ಚೂರು ಬಂದರೆ ಗಾಡಿ ಮತ್ತೆ ಸ್ಟಾರ್ಟ್ ಮಾಡಬೇಡಿ, ಆ ತಟ್ಟೆ ಸಮೇತ ಹೋಗಿ ಕೇಳಿ.