ಕನ್ನಡ ಅಕ್ಷರ ಕಲಿಸಲು ಯಾವುದು ಸರಿ: ಮರದ ಅಕ್ಷರದ ಸೆಟ್ಟೋ, ಒರೆಸಿ ಬರೆಯುವ ಪುಸ್ತಕವೋ, ರವೆ ತಟ್ಟೆಯೋ, ಹಳೇ ಸ್ಲೇಟೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಲೇಟಿಗೆ. ಮೂರೂವರೆಯಿಂದ ಐದೂವರೆ ವರ್ಷದೊಳಗಿನ ಮಗುವಿಗೆ ದಿನಕ್ಕೆ ಹತ್ತು-ಹದಿನೈದು ನಿಮಿಷ ಮನೆಯಲ್ಲೇ ಕನ್ನಡ ಕಲಿಸೋಣ ಅಂತ ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬಣ್ಣದ ಮರದ ಅಕ್ಷರಗಳು. ಅದರ ಪಕ್ಕದಲ್ಲೇ ಮಾರ್ಕರ್‌ನಲ್ಲಿ ತಿದ್ದಿ ಒರೆಸುವ ಪುಸ್ತಕ. ಸ್ಲೇಟು ಕೇಳಿದರೆ ಅಂಗಡಿಯವರು ಒಳಗೆ ಹೋಗಿ ಹುಡುಕಿ, ಧೂಳು ಒರೆಸಿ ತಂದುಕೊಡುತ್ತಾರೆ. ಬೆಲೆಯಲ್ಲೂ ಅದೇ ಕೊನೆ. ಆದರೆ ಬಳಸುತ್ತಾ ಹೋದ ಹಾಗೆ ಈ ಕ್ರಮ ಪೂರ್ತಿ ತಲೆಕೆಳಗಾಗುತ್ತದೆ.

ಮರದ ಸೆಟ್ಟಿನಿಂದಲೇ ಶುರು ಮಾಡುತ್ತೇನೆ. ದುಡ್ಡು ಹೆಚ್ಚು ಹೋಗುವುದೂ ಅಲ್ಲೇ, ತಲೆನೋವು ಹೆಚ್ಚು ಕೊಡುವುದೂ ಅದೇ. ತುಂಡುಗಳು ಚೆನ್ನಾಗಿರುತ್ತವೆ, ಅಂಚು ನುಣುಪಾಗಿರುತ್ತದೆ, ಅದರಲ್ಲಿ ತಕರಾರಿಲ್ಲ. 13 ಸ್ವರ, ಅಂ-ಅಃ ಎರಡು, 34 ವ್ಯಂಜನ, ಒಟ್ಟು 49 ತುಂಡು. ಲೆಕ್ಕ ಸರಿ. ಮಗು ನಾಲ್ಕು ದಿನ ಗುಂಡಿಗೆ ತುಂಡು ಕೂರಿಸುವ ಆಟ ಆಡುತ್ತದೆ. ಐದನೇ ದಿನ ಕೇಳುತ್ತದೆ: "ಅಮ್ಮ ಅಂತ ಹೇಗೆ ಜೋಡಿಸೋದು?"

ಜೋಡಿಸಲು ಆಗುವುದಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ: ಮಗುವಿಗೆ ಬೇಕಾದ ಮೊದಲ ಹತ್ತು ಮಾತುಗಳಲ್ಲಿ ಅರ್ಧಕ್ಕರ್ಧ ಒತ್ತಕ್ಷರ. ಸೆಟ್ಟಿನಲ್ಲಿ ಒತ್ತು ಇಲ್ಲ. ಒತ್ತು ಇಲ್ಲದ, ಗುಣಿತ ಇಲ್ಲದ ಪದಗಳನ್ನೇ ಹುಡುಕಿ ಜೋಡಿಸಬೇಕು: ಆಟ, ಊಟ, ಓಟ, ಮರ, ದನ, ಬಸವ, ಬಳಪ, ಕಮಲ, ನಗರ, ಹವಳ. ಇಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡರೆ, ಪ್ರತಿ ಅಕ್ಷರ ಒಂದೊಂದೇ ಇರುವುದರಿಂದ ಗರಗಸಕ್ಕೆ ಎರಡನೇ 'ಗ' ಇಲ್ಲ, ನಯನಕ್ಕೆ ಎರಡನೇ 'ನ' ಇಲ್ಲ. ಆನೆ, ಇಲಿ, ನಾಯಿ, ಬೆಕ್ಕು, ಕೋಳಿ, ಒಂದೂ ಆಗುವುದಿಲ್ಲ.

ಗುಣಿತದ ಚಿಹ್ನೆಗಳೂ ಇರುವ ದೊಡ್ಡ ಸೆಟ್ಟು ತೆಗೆದುಕೊಂಡರೆ ಸರಿಹೋಗುತ್ತದೆ ಅನಿಸಬಹುದು. ಅರ್ಧ ಮಾತ್ರ ಸರಿಹೋಗುತ್ತದೆ. 'ಕ' ಪಕ್ಕಕ್ಕೆ ಕೊಂಬಿನ ತುಂಡು ಇಟ್ಟರೆ 'ಕು' ಆಗುತ್ತದೆ, ಸೊನ್ನೆ ಇಟ್ಟರೆ 'ಕಂ', ಕೆಳಗೆ ವಟ್ರಸುಳಿ ಇಟ್ಟರೆ 'ಕೃ'. ಆದರೆ 'ಕಿ' ಬರೆಯುವಾಗ ತಲಕಟ್ಟು ಹೋಗಿ ಆ ಜಾಗಕ್ಕೆ ಗುಡಿಸು ಬರುತ್ತದೆ. 'ಕಾ'ದಲ್ಲಿ ತಲಕಟ್ಟು ಇದ್ದ ಕಡೆ ಇಳಿ, 'ಕೆ'ಯಲ್ಲಿ ಏತ್ವ. ಮರದ 'ಕ'ದಲ್ಲಿ ತಲಕಟ್ಟನ್ನು ಕೊರೆದೇ ಕೂರಿಸಿರುತ್ತಾರೆ, ಅದನ್ನು ತೆಗೆಯುವುದು ಹೇಗೆ? ಮೇಲೆ ಗುಡಿಸು ಇಟ್ಟರೆ ತಲೆಯ ಮೇಲೆ ಇನ್ನೊಂದು ತಲೆ ಬಂದು ಕೂರುತ್ತದೆ. ಮಗು ಅದನ್ನೇ ಸರಿಯಾದ ರೂಪ ಅಂತ ನೆನಪಿಟ್ಟುಕೊಂಡು, ಬರೆಯುವಾಗಲೂ ತಲಕಟ್ಟನ್ನೂ ಹಾಕಿ ಗುಡಿಸನ್ನೂ ಹಾಕುತ್ತದೆ. ಆಮೇಲೆ ಬಿಡಿಸುವುದು ಕಷ್ಟ. ಇಂಗ್ಲಿಷಿನ 26 ಅಕ್ಷರಕ್ಕೆ ಹೊಂದುವ ಆಟಿಕೆಯ ಅಚ್ಚಿಗೆ ಕನ್ನಡವನ್ನು ಸುರಿದರೆ ಆಗುವ ತೊಂದರೆ ಇದು. ತಯಾರಿಸುವವರು ಒಂದು ಸಲ ಕಾಗುಣಿತ ಬರೆದು ನೋಡಿದ್ದರೆ ತಿಳಿಯುತ್ತಿತ್ತು.

ಜೋಡಿಸುವ ಆಟವೇ ಬೇಕು ಅಂದರೆ ಹಳೇ ಲಗ್ನಪತ್ರಿಕೆಯ ರಟ್ಟು ಸಾಕು. ಅಕ್ಷರಕ್ಕೆ 5 ಸೆಂ.ಮೀ. ಚೌಕ, ಒತ್ತಿಗೆ 3 ಸೆಂ.ಮೀ. ಚೌಕ. ಗುಣಿತವನ್ನು ತುಂಡು ತುಂಡಾಗಿ ಮಾಡಬೇಡಿ. ಕ, ಕಾ, ಕಿ ಒಂದೊಂದನ್ನೂ ಇಡೀ ಅಕ್ಷರವಾಗಿಯೇ ಬರೆಯಿರಿ. ಹೆಚ್ಚು ಬಳಕೆಯ ಅಕ್ಷರಗಳನ್ನು ಎರಡೆರಡು ಮಾಡಿ. ಒತ್ತುಗಳಲ್ಲಿ ಮೊದಲು 'ಅಪ್ಪ', 'ಅಕ್ಕ' ತೆಗೆದುಕೊಳ್ಳಿ, 'ಅಮ್ಮ' ಆಮೇಲೆ. ಹೆಚ್ಚಿನ ಒತ್ತುಗಳು ಮೂಲ ಅಕ್ಷರವನ್ನೇ ಚಿಕ್ಕದು ಮಾಡಿ, ತಲಕಟ್ಟಿದ್ದರೆ ಅದನ್ನು ಬಿಟ್ಟು ಬರೆದಂತೆ ಇರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆಯೇ ರೂಪ, ನೋಡಿ ಊಹಿಸಲು ಬರುವುದಿಲ್ಲ. ಅಪ್ಪಂದಿರು ಈ ವಿಷಯದಲ್ಲಿ ಬೀಗಬಹುದು.

ಒರೆಸಿ ಬರೆಯುವ ಪುಸ್ತಕ ಎರಡನೇ ಸ್ಥಾನಕ್ಕೂ ಬರುವುದಿಲ್ಲ. ನುಣುಪು ಹಾಳೆಯ ಮೇಲೆ ಮಾರ್ಕರ್ ಜಾರುತ್ತದೆ. ಬೆರಳಿಗೆ ಒತ್ತಿ ಬರೆಯುವ ಕೆಲಸವೇ ಇಲ್ಲ. ಆಮೇಲೆ ಪೆನ್ಸಿಲ್ ಹಿಡಿದಾಗ ಗೆರೆ ಮಸುಕಾಗಿ ನಡುಗುತ್ತದೆ. ಎಡಗೈಯಲ್ಲಿ ಬರೆಯುವ ಮಗುವಾದರೆ ಬರೆದದ್ದನ್ನೆಲ್ಲ ಅಂಗೈ ಒರೆಸಿಕೊಂಡು ಹೋಗುತ್ತದೆ. ಚುಕ್ಕಿ ಸಾಲಿನ ಮೇಲೆ ತಿದ್ದುವುದು ಚೆಂದ ಕಾಣುತ್ತದೆ, ಆದರೆ ಎಲ್ಲಿಂದ ಶುರು, ಯಾವ ಕಡೆ ತಿರುಗಬೇಕು ಅನ್ನುವ ಬಾಣದ ಗುರುತು ಇಲ್ಲದಿದ್ದರೆ ಮಗು ತಲಕಟ್ಟನ್ನು ಮೊದಲು ಹಾಕಿ ಕೆಳಗಿನ ಸುತ್ತನ್ನು ಬಲದಿಂದ ಎಡಕ್ಕೆ ಎಳೆದುಬಿಡುತ್ತದೆ. ಚುಕ್ಕಿ ಮುಚ್ಚಿತು, ಮಗುವಿನ ಪ್ರಕಾರ ಕೆಲಸ ಮುಗಿಯಿತು. ಕೊಳ್ಳುವುದಾದರೆ ಬಾಣ ಇದೆಯೇ ನೋಡಿ. ಎರಡು ದಿನ ಒರೆಸದೆ ಬಿಟ್ಟ ಗೆರೆ ಹೋಗದಿದ್ದರೆ, ಅದರ ಮೇಲೆ ಅದೇ ಮಾರ್ಕರ್‌ನಿಂದ ಇನ್ನೊಮ್ಮೆ ಬರೆದು ಹಸಿಯಿರುವಾಗಲೇ ಒರೆಸಿ, ಹಳೆಯದೂ ಬರುತ್ತದೆ. ಮಾರ್ಕರ್ ಮುಚ್ಚಳ ಹಾಕುವ ಶಿಸ್ತು ನಿಮ್ಮ ಮನೆಯಲ್ಲಿ ಇದ್ದರೆ ನೀವು ಅದೃಷ್ಟವಂತರು.

ಮೊಬೈಲ್ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚ್ಚಾರ ಕೇಳಿಸಲು ಆದೀತು, ಬರೆಯಲು ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆ ಕಾರ್ಟೂನಿಗೇ ಸಾಲುವುದಿಲ್ಲ.

ರವೆ ತಟ್ಟೆ ಒಳ್ಳೆಯದು, ಶುರುವಿಗೆ ಸ್ಲೇಟಿಗಿಂತಲೂ ಒಳ್ಳೆಯದು. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿದು ಬರೆಸುತ್ತಾರಲ್ಲ, ಅದನ್ನು ಒಂದು ದಿನಕ್ಕೇ ನಿಲ್ಲಿಸದೆ ತಿಂಗಳುಗಟ್ಟಲೆ ಮುಂದುವರಿಸಬಹುದು. ಆದರೆ ಅಕ್ಕಿ ದಪ್ಪ ಕಾಳು, ಗೆರೆ ಸ್ಪಷ್ಟವಾಗಿ ನಿಲ್ಲುವುದಿಲ್ಲ. ರಾಗಿ ಹಿಟ್ಟು ಬೆರಳಿಗೆ ಅಂಟಿ ಬಟ್ಟೆಗೆಲ್ಲ ಮೆತ್ತುತ್ತದೆ. ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ, ಬೆರಳಲ್ಲಿ ಗಾಯವಿದ್ದರೆ ಉರಿಯುತ್ತದೆ. ಸರಿಯಾಗಿ ಕೂರುವುದು ಬನ್ಸಿ ರವೆ. 30 x 20 ಸೆಂ.ಮೀ. ಅಂಚಿರುವ ಟ್ರೇಗೆ ಸುಮಾರು 125 ಗ್ರಾಂ ಹಾಕಿದರೆ 3 ಮಿ.ಮೀ. ದಪ್ಪ ಹರಡುತ್ತದೆ. ಅದಕ್ಕಿಂತ ಹೆಚ್ಚಾದರೆ ಗೆರೆಯ ಅಂಚು ಕುಸಿದು ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ರವೆ ಚೆದುರಿ ತಳ ಕಾಣುತ್ತದೆ. ತಳಕ್ಕೆ ಕಡುಬಣ್ಣದ ಕಾಗದ ಹಾಕಿದರೆ ಅಕ್ಷರ ಎದ್ದು ಕಾಣುತ್ತದೆ. ರವೆಯನ್ನು ಬಣ್ಣ ಬದಲಾಗದಂತೆ ಬೆಚ್ಚಗೆ ಹುರಿದು ಆರಿಸಿಟ್ಟರೆ ಬೇಗ ಹುಳ ಬೀಳುವುದಿಲ್ಲ. ಮುಗಿದ ಮೇಲೆ ಡಬ್ಬಿಗೆ ಸುರಿಯದೆ ಟ್ರೇಯನ್ನು ಹಾಗೇ ಬಿಟ್ಟರೆ ಬೆಳಗ್ಗೆ ಇರುವೆ ಸಾಲು ಖಂಡಿತ.

ಇದರ ಮಿತಿ ಒಂದೇ: ಬೆರಳಲ್ಲಿ ಬರೆದ ಅಕ್ಷರ ದೊಡ್ಡದು. ಟ್ರೇಯಲ್ಲಿ ಒಂದು ಅಕ್ಷರ, ಹೆಚ್ಚೆಂದರೆ ಎರಡು. ಪದ ಬರೆಯುವ ಹಂತಕ್ಕೆ ಬಂದಾಗ ಜಾಗ ಸಾಲದು.

ಇನ್ನು ಸ್ಲೇಟು. ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಸಿಕ್ಕರೆ ಅದೇ ತೆಗೆದುಕೊಳ್ಳಿ. ತಗಡಿನದು ಸದ್ದು ಮಾಡುತ್ತದೆ, ಬಣ್ಣ ಬೇಗ ಸವೆದು ಹೊಳೆಯತೊಡಗುತ್ತದೆ, ಆಮೇಲೆ ಬಳಪ ಹಿಡಿಯುವುದಿಲ್ಲ. ಕಲ್ಲಿನದು ಬಿದ್ದರೆ ಒಡೆಯುತ್ತದೆ ನಿಜ. ನೆಲದ ಮೇಲೆ ಚಾಪೆ ಹಾಸಿ ಕೂರಿಸಿದರೆ ಆ ಭಯ ಕಡಿಮೆ. ಹೊಸ ಸ್ಲೇಟಿನ ಮೇಲೆ ಬಳಪ ಜಾರುತ್ತಿದ್ದರೆ ಇದ್ದಿಲಿನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಿ.

ಬಳಪವನ್ನು ಇಡಿಯಾಗಿ ಕೊಡಬೇಡಿ. 3 ಸೆಂ.ಮೀ. ತುಂಡು ಮಾಡಿ ಕೊಡಿ. ಉದ್ದ ಬಳಪವನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಚಿಕ್ಕ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದೇ ಇಲ್ಲ, ಹೆಬ್ಬೆರಳು-ತೋರುಬೆರಳು-ನಡುಬೆರಳು ತಾವಾಗಿಯೇ ಸೇರುತ್ತವೆ. ಕಿರ್ರೆನ್ನುವ ಸದ್ದು ಬಂದರೆ ಬಳಪ ತೀರ ನೆಟ್ಟಗಿದೆ ಅಂತ ಅರ್ಥ, ಸ್ವಲ್ಪ ಓರೆ ಮಾಡಿಸಿ. ಒರೆಸಲು ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಒಂದು. ಒಣಗುವ ಮೊದಲೇ ಬರೆದರೆ ಗೆರೆ ಮೂಡುವುದಿಲ್ಲ. ಬಟ್ಟೆ ಕೈಗೆಟಕುವಂತೆ ಇಡದಿದ್ದರೆ ಎಂಜಲು ಹಚ್ಚುವುದು ಶುರುವಾಗುತ್ತದೆ.

ಸ್ಲೇಟು ಗೆಲ್ಲುವುದು ಕಾಗುಣಿತದಲ್ಲಿ. 'ಕ' ಅಂತ ಅಂಗೈಯಗಲ ಬರೆಯಿರಿ. ಮಗುವಿನ ತೋರುಬೆರಳು ಒದ್ದೆ ಮಾಡಿಸಿ, ತಲಕಟ್ಟನ್ನು ಮಾತ್ರ ಒರೆಸಲು ಹೇಳಿ. ತಲೆಯಿಲ್ಲದ 'ಕ್' ಉಳಿಯಿತು. "ಕ್" ಅಂತ ಬಾಯಲ್ಲಿ ಹೇಳಿಸಿ. ಆ ಜಾಗ ಒಣಗಲು ಬಿಟ್ಟು ಗುಡಿಸು ಹಾಕಿಸಿ: ಕಿ. ಒರೆಸಿ, ಇಳಿ ಹಾಕಿಸಿ: ಕಾ. ಒರೆಸಿ, ಏತ್ವ: ಕೆ. ಕೆಳಗಿನ ಮೈ ಬದಲಾಗಲಿಲ್ಲ, ತಲೆ ಮಾತ್ರ ಬದಲಾಯಿತು ಅನ್ನುವುದು ಮಗುವಿನ ಬೆರಳಿಗೇ ಗೊತ್ತಾಗುತ್ತದೆ. ಮರದ ತುಂಡಾಗಲಿ ಅಚ್ಚಾದ ಹಾಳೆಯಾಗಲಿ ಇದನ್ನು ತೋರಿಸಲಾರವು. ಕ, ಗ, ದ, ರ, ಸ ಇವುಗಳಲ್ಲಿ ಮಾಡಿ. ತಲಕಟ್ಟೇ ಇಲ್ಲದ ಜ, ಬ, ಲ, ಟ ಆಮೇಲೆ. 'ಪು', 'ವು'ಗಳ ಕೊಂಬು ಕೆಳಕ್ಕೆ ಇಳಿಯುವುದರಿಂದ ಅವನ್ನು ಕೊನೆಗೆ ಇಟ್ಟುಕೊಳ್ಳಿ. 'ವು' ಮತ್ತು 'ಮ' ಹೇಗೂ ಗಲಿಬಿಲಿ ಮಾಡುತ್ತವೆ, ಒಂದೇ ವಾರದಲ್ಲಿ ಎರಡನ್ನೂ ಕಲಿಸಬೇಡಿ. ದ-ಧ, ಬ-ಭ, ರ-ಠ ಜೋಡಿಗಳಿಗೂ ಇದೇ ಮಾತು.

ಅಕ್ಷರದ ಕ್ರಮದಲ್ಲಿ ಅ ಆ ಇ ಈ ಬೇಡ. ಹಾಗೆ ಹೋದರೆ ಎರಡು ತಿಂಗಳಾದರೂ ಮಗುವಿಗೆ ಓದಲು ಒಂದು ಪದ ಇರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿಯಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ದಸರ, ಗರಗಸ ಇಷ್ಟೂ ಓದಬಹುದು. ಮುಂದಿನ ಗುಂಪು ಜ, ವ, ಮ, ಬ, ನ. ಒಂದು ಅಕ್ಷರಕ್ಕೆ ಎರಡು ಮೂರು ದಿನ ಕೊಡಿ. ಹಿಂದಿನ ಅಕ್ಷರ ಮರೆತಿದ್ದರೆ ಹೊಸದು ಬೇಡ. 'ರ' ಬರೆಸುವ ಮೊದಲು ಒಂದು ವಾರ ಸೊನ್ನೆ, ಸುರುಳಿ, ಎಳೆ ರಂಗೋಲಿಯಂಥ ಬಳುಕು ಗೆರೆ. ಅಡ್ಡಗೆರೆ-ಉದ್ದಗೆರೆಗಳಲ್ಲಿ ತಿಂಗಳು ಕಳೆಯಬೇಡಿ, ಕನ್ನಡಕ್ಕೆ ಬೇಕಾಗಿರುವುದು ದುಂಡು.

ದಿನದ ಹಂಚಿಕೆ ಹೀಗೆ: ಮೊದಲು ಎರಡು ನಿಮಿಷ ಬರೀ ಬಾಯಿ ಮಾತು, "ಸ ಅಂತ ಶುರುವಾಗೋದು ಮನೇಲಿ ಏನೇನಿದೆ?" ಆಮೇಲೆ ಮೂರು ನಿಮಿಷ ರವೆಯಲ್ಲಿ ಬೆರಳು, ಐದಾರು ನಿಮಿಷ ಸ್ಲೇಟು, ಕೊನೆಗೆ ಪೇಪರಿನ ತಲೆಬರಹದಲ್ಲಿ ಆ ಅಕ್ಷರ ಹುಡುಕಿ ಸುತ್ತ ಗೆರೆ ಎಳೆಯುವುದು. ಮಗು ನಡುವೆ ಎದ್ದು ಹೋದರೆ ಹೋಗಲಿ, ಕರೆದು ಕೂರಿಸಿದ ದಿನ ಕಲಿಯುವುದು ಕಡಿಮೆ.

ಸ್ಲೇಟಿನ ದೋಷವನ್ನೂ ಹೇಳಬೇಕು. ಮಕ್ಕಳು ಬಳಪ ತಿನ್ನುತ್ತಾರೆ. ಒಮ್ಮೆ ರುಚಿ ನೋಡಿದರೆ ಗಾಬರಿ ಬೇಡ, ಆದರೆ ಬಚ್ಚಿಟ್ಟುಕೊಂಡು ದಿನಾ ತಿನ್ನುತ್ತಿದ್ದರೆ ಬೈದು ಬಿಡಿಸುವ ವಿಷಯವಲ್ಲ. ಕಬ್ಬಿಣಾಂಶ ಕಡಿಮೆಯಿರುವ ಮಕ್ಕಳಲ್ಲಿ ಈ ಚಪಲ ಕಾಣಿಸುತ್ತದೆ, ಡಾಕ್ಟರಿಗೆ ತೋರಿಸಿ ಹಿಮೋಗ್ಲೋಬಿನ್ ನೋಡಿಸಿ. ಎಣಿಸಿ ಎರಡೇ ತುಂಡು ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಳ್ಳಿ. ಸೀಮೆಸುಣ್ಣ ಬಳಸಿದರೆ ಪುಡಿ ಹೆಚ್ಚು. ಕೆಮ್ಮು, ಉಬ್ಬಸ ಇರುವ ಮನೆಗೆ ಬೇಡ.

ಇನ್ನೂರು ರೂಪಾಯಿಯೊಳಗೆ ಮುಗಿಸಬೇಕು, ಸಂಜೆ ಅಡುಗೆಮನೆ ಬಾಗಿಲಲ್ಲಿ ಕೂರಿಸಿಕೊಂಡೇ ಕಲಿಸಬೇಕು ಅನ್ನುವವರಿಗೆ ಸ್ಲೇಟು ಮತ್ತು ರವೆ. ವಾರಾಂತ್ಯದಲ್ಲಿ ಮಾತ್ರ ಸಮಯ ಸಿಗುವ ಮನೆಯಾದರೆ ಲಗ್ನಪತ್ರಿಕೆಯ ರಟ್ಟಿನ ಅಕ್ಷರ ಚೆನ್ನಾಗಿ ಹೊಂದುತ್ತದೆ, ಮಗು ತಾನೇ ತೆಗೆದು ಆಡುತ್ತದೆ. ಹೊರದೇಶದಲ್ಲಿ ಬಳಪ ಸಿಗದವರು ಸೀಮೆಸುಣ್ಣದ ಚಿಕ್ಕ ಕಪ್ಪು ಹಲಗೆ ಬಳಸಿ. ವೈಟ್‌ಬೋರ್ಡ್ ಬೇಡ, ಅದರಲ್ಲೂ ಮಾರ್ಕರ್ ಜಾರುವ ತೊಂದರೆಯೇ. ಮರದ ಸೆಟ್ಟು ಈಗಾಗಲೇ ಮನೆಗೆ ಬಂದಿದ್ದರೆ ಕಣ್ಣು ಮುಚ್ಚಿಸಿ ಮುಟ್ಟಿ ಗುರುತಿಸುವ ಆಟಕ್ಕೆ ಇಟ್ಟುಕೊಳ್ಳಿ, ಅಷ್ಟಕ್ಕೆ ಅದು ಚೆನ್ನಾಗಿದೆ.

ಸ್ಲೇಟಿನಿಂದ ಪುಸ್ತಕಕ್ಕೆ ಹೋಗುವಾಗ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ. ಪಕ್ಕಪಕ್ಕದ ಗೆರೆಯಲ್ಲಿ ಬರೆಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.