ಹಳೆ ರೂಟರ್, ಬಾಡಿಗೆ ರ‍್ಯಾಕ್, ಸಿಎಂಎಲ್: ಸಿಸಿಐಇ ಲ್ಯಾಬ್ ತಯಾರಿಗೆ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ. ಸಿಸಿಐಇ ಅಂದರೆ ನೆಟ್‌ವರ್ಕ್ ಕೆಲಸದವರಿಗೆ ಸಿಸ್ಕೋ ಕಂಪನಿ ನಡೆಸುವ ದೊಡ್ಡ ಪರೀಕ್ಷೆ. ಅದರ ಲ್ಯಾಬ್ ಪರೀಕ್ಷೆಗೆ ಮನೆಯಲ್ಲಿ ಕೂತು ತಯಾರಿ ಮಾಡುವವರು ಹಳೆ ರೂಟರ್ ಕೊಳ್ಳಬೇಡಿ. ನಾನು ಕೊಂಡೆ. 24 ಸಾವಿರ ರೂಪಾಯಿ ಹೋಯಿತು. ಅದು ಹೋಗಲಿ, ಒಂದೂವರೆ ತಿಂಗಳು ಬೆಳಗಿನ ಹೊತ್ತೆಲ್ಲಾ ಅದಕ್ಕೇ ಹೋಯಿತು. ಈಗ ನನ್ನ ಕೈ ಹಿಡಿದಿರುವುದು ಸಿಸ್ಕೋದವರದೇ ಸಿಎಂಎಲ್ (ಕಂಪ್ಯೂಟರ್ ಒಳಗೇ ರೂಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್), ಒಂದು ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಮೇಲೆ. ನಡುವೆ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಈವ್-ಎನ್‌ಜಿಯನ್ನೂ ನೆಟ್ ಮೂಲಕ ಬಳಸುವ ಬಾಡಿಗೆ ರ‍್ಯಾಕನ್ನೂ ನೋಡಿ ಬಂದೆ.

ನನ್ನ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕೆಲಸ ಧಾರವಾಡದಲ್ಲಿ. ಎಂಟಕ್ಕೆ ಚಿಗರಿ ಬಸ್ ಹತ್ತಬೇಕು. ಸಂಜೆ ಬಂದ ಮೇಲೆ ತಲೆ ಓಡುವುದಿಲ್ಲ. ಹಾಗಾಗಿ ಅಭ್ಯಾಸಕ್ಕೆ ಸಿಗುವುದು ಬೆಳಗ್ಗೆ ನಾಲ್ಕೂವರೆಯಿಂದ ಏಳರವರೆಗೆ. ಯಾವ ಲ್ಯಾಬ್ ಆದರೂ ನಾನು ನೋಡುವುದು ಒಂದೇ ಲೆಕ್ಕ: ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಕಮಾಂಡ್ ಹೊಡೆಯಲು ಎಷ್ಟು ಹೊತ್ತು ಬೇಕು?

ಹಳೆ ಸಾಮಾನಿನ ಆಸೆ ಹುಟ್ಟಿದ್ದಕ್ಕೆ ಕಾರಣ ಇತ್ತು. ಎಂಟು ಗಂಟೆ ಕೂತು ಕೈಯಿಂದ ಮಾಡಿ ತೋರಿಸಬೇಕಾದ ಪರೀಕ್ಷೆ ಇದು. ಎಂಟರ್‌ಪ್ರೈಸ್ ಟ್ರ್ಯಾಕ್‌ನಲ್ಲಿ ಮೊದಲ ಮೂರು ಗಂಟೆ ಡಿಸೈನ್, ಉಳಿದ ಐದು ಗಂಟೆ ಕಟ್ಟುವುದು, ಕೆಟ್ಟಿದ್ದನ್ನು ಸರಿಮಾಡುವುದು. ನಾನು ನೋಡಿದಾಗ ಫೀಸೇ 1600 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷದ ಮೇಲೆ. ಅಷ್ಟು ದುಡ್ಡು ಕಟ್ಟುವಾಗ 'ನಿಜವಾದ ಡಬ್ಬಿ ಮುಟ್ಟದೆ ಹೇಗಪ್ಪಾ' ಅನ್ನಿಸಿತು. ಆಮೇಲೆ ಗೊತ್ತಾಯಿತು, ಆ ಮಾತು ಹಳೆ ಕಾಲದ್ದು. 1993ರಲ್ಲಿ ಈ ಪರೀಕ್ಷೆ ಶುರುವಾದಾಗ ಎರಡು ದಿನ ನಡೆಯುತ್ತಿತ್ತು, ಕೇಬಲ್ ಜೋಡಿಸುವುದೂ ಅದರಲ್ಲೇ ಬರುತ್ತಿತ್ತು. 2001ರಲ್ಲಿ ಅದನ್ನು ಒಂದು ದಿನಕ್ಕೆ ಇಳಿಸಿದರು. ಈಗ ನಿಮ್ಮ ಮುಂದಿರುವುದು ಸ್ಕ್ರೀನು, ಕೀಬೋರ್ಡು ಅಷ್ಟೇ.

ಇರಲಿ. ಬೆಂಗಳೂರಿನ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯಿಂದ ಎರಡು 2811 ರೂಟರ್, ಎರಡು 3560 ಸ್ವಿಚ್ ತರಿಸಿದೆ. ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಬಂದವು. ನಾಲ್ಕನ್ನೂ ಒಟ್ಟಿಗೆ ಆನ್ ಮಾಡಿದೆ. ಅವ್ವ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಏನಪಾ ಇದು, ಗಿರಣಿ ತಂದು ಇಟ್ಟೀಯೇನು ಮನ್ಯಾಗ?" ಹಿಟ್ಟೊಂದೇ ಬೀಳುತ್ತಿರಲಿಲ್ಲ, ಸದ್ದು ಮಾತ್ರ ಅದೇ.

ಸದ್ದನ್ನಾದರೂ ತಡೆದುಕೊಳ್ಳಬಹುದು. ನನ್ನನ್ನು ಹಣ್ಣು ಮಾಡಿದ್ದು ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಕಮಾಂಡ್ ಕೊಡುವ ಕನ್ಸೋಲ್ ಕೇಬಲ್. ಆ ನೀಲಿ ಚಪ್ಪಟೆ ಕೇಬಲ್‌ನ ಒಂದು ತುದಿಗೆ ಹಳೆ ಸೀರಿಯಲ್ ಪೋರ್ಟು ಇರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿ ಕನ್ವರ್ಟರ್ ಬೇಕು. ವ್ಯಾಪಾರಿ ಒಂದನ್ನು ಪುಕ್ಕಟೆ ಕೊಟ್ಟಿದ್ದ. ಚುಚ್ಚಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 10. ಹೊಸ ಡ್ರೈವರ್ ಹಾಕಿದರೆ ಇನ್ನೂ ಮಜಾ. ಡಿವೈಸಿನ ಹೆಸರು ಇರಬೇಕಾದ ಜಾಗದಲ್ಲಿ 'ಪಿಎಲ್2303ಎಚ್‌ಎಕ್ಸ್‌ಎ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ' ಎಂಬ ಅರ್ಥದ ಇಂಗ್ಲಿಷ್ ಸಾಲು. ಆ ಚಿಪ್‌ನ ನಕಲು ಪೇಟೆಯಲ್ಲಿ ತುಂಬಿಹೋಗಿದೆ. ಹಾಗಾಗಿ ಹೊಸ ಡ್ರೈವರ್ ಹಳೆ ಚಿಪ್‌ಗಳನ್ನೂ ನಕಲಿಗಳನ್ನೂ ಹತ್ತಿರ ಸೇರಿಸುವುದಿಲ್ಲ. ಪರಿಹಾರ ಎಂದರೆ ಹಳೆ ಡ್ರೈವರ್ ಹುಡುಕಿ ಹಾಕುವುದು. ವಿಂಡೋಸ್ ಅಪ್‌ಡೇಟ್ ಬಂದಾಗಲೆಲ್ಲಾ ಅದು ಮತ್ತೆ ಹೊಸದಾಗುತ್ತದೆ, ನೀವು ಮತ್ತೆ ಹಳೆಯದನ್ನು ಕೂರಿಸುತ್ತೀರಿ. ನಾಲ್ಕು ಬೆಳಗ್ಗೆ ಇಷ್ಟಕ್ಕೇ ಹೋದವು. ಲಿನಕ್ಸ್‌ನಲ್ಲಿ ಅದೇ ಕೇಬಲ್ ತಕರಾರಿಲ್ಲದೆ ನಡೆಯಿತು ಅನ್ನುವುದು ಐದನೇ ದಿನ ತಿಳಿಯಿತು.

ಕೇಬಲ್ ಸರಿಹೋಯಿತು, ರೂಟರ್ ಮಾತಾಡಿತು. ಮಾತಾಡಿದ್ದು ಒಂದೇ ಸಾಲು: ರಾಮ್‌ಮಾನ್ ಪ್ರಾಂಪ್ಟ್. ಅಂದರೆ ಫ್ಲ್ಯಾಶ್ ಖಾಲಿ, ರೂಟರ್ ನಡೆಸುವ ಸಾಫ್ಟ್‌ವೇರ್ ಐಓಎಸ್ ಇಲ್ಲವೇ ಇಲ್ಲ. ಇನ್ನೊಂದು 2811ರಲ್ಲಿ ಪುಣ್ಯಕ್ಕೆ ಇತ್ತು. ಅದನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಕನ್ಸೋಲ್ ಕೇಬಲ್‌ನಿಂದಲೇ ಎಕ್ಸ್‌ಮೋಡೆಮ್ ಎಂಬ ಹಳೆ ವಿಧಾನದಲ್ಲಿ ಕಳಿಸೋಣ ಅಂತ ಕೂತೆ. ಫೈಲು ಸುಮಾರು 60 ಎಂಬಿ. ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 960 ಬೈಟ್. ಲೆಕ್ಕ ಹಾಕಿ ನೋಡಿ, 17 ಗಂಟೆ ದಾಟುತ್ತದೆ. ನಾನು ಲೆಕ್ಕ ಹಾಕಲಿಲ್ಲ. ಹಚ್ಚಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಅರ್ಧದ ಮೇಲೆ ಹೋಗಿತ್ತು, ಖುಷಿಯಾಯಿತು. ರಾತ್ರಿ ಊಟಕ್ಕೆ ಕೂತಾಗ ಕರೆಂಟು ಹೋಯಿತು. ಆ ಕೋಣೆಯಲ್ಲಿ ಇನ್ವರ್ಟರ್ ಲೈನ್ ಇರುವುದು ಫ್ಯಾನಿಗೆ, ಲೈಟಿಗೆ ಮಾತ್ರ. ತಲೆ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಕೆಳಗೆ ರೂಟರ್ ಸತ್ತಿತ್ತು. ಎಕ್ಸ್‌ಮೋಡೆಮ್‌ಗೆ ಬಿಟ್ಟಲ್ಲಿಂದ ಮುಂದುವರಿಸುವುದು ಗೊತ್ತಿಲ್ಲ. ಮತ್ತೆ ಸೊನ್ನೆಯಿಂದ.

ಆಫೀಸಿನಲ್ಲಿ ಈ ಗೋಳು ಹೇಳಿಕೊಂಡರೆ, ಹೊಸದಾಗಿ ಸೇರಿದ ಹುಡುಗ ಮೆಲ್ಲಗೆ ಅಂದ: "ಸರ್, ಅದರಾಗ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಇರತೈತಲ್ರಿ, ಅದನ್ನ ತಗದು ರೀಡರ್‌ಗೆ ಹಾಕಿದ್ರ ಆಗೂದಿಲ್ಲೇನ್ರಿ?" ಆಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಆ ಕಾರ್ಡಿನ ರೀಡರ್ ಎಲ್ಲಿಂದ ತರುವುದು? ಕೊಪ್ಪಿಕರ್ ರೋಡ್‌ನಲ್ಲಿ ಮೂರು ಮೊಬೈಲ್ ಅಂಗಡಿ ಕೇಳಿದೆ, ಮೂವರೂ ಮೆಮೊರಿ ಕಾರ್ಡ್ ತೋರಿಸಿದರು. ಕೊನೆಗೆ ಮದುವೆ ಫೋಟೊ ತೆಗೆಯುವ ಸ್ಟುಡಿಯೊದಲ್ಲಿ ಸಿಕ್ಕಿತು. ಹಳೆ ಕ್ಯಾಮೆರಾಗಳಿಗೆ ಅದೇ ಕಾರ್ಡ್ ಅಲ್ವಾ. "ಇದನ್ನ ಈಗ ಯಾರೂ ಕೇಳಂಗಿಲ್ರಿ ಅಣ್ಣಾರ, ಒಯ್ರಿ, ಕೆಲಸ ಮುಗದ ಮ್ಯಾಲೆ ಕೊಟ್ಟು ಹೋಗ್ರಿ" ಅಂತ ಸುಮ್ನೆ ಕೊಟ್ಟು ಕಳಿಸಿದರು.

ಇಷ್ಟೆಲ್ಲಾ ಮಾಡಿ ಎಬ್ಬಿಸಿದ ರೂಟರ್‌ನಲ್ಲಿ ಏನಿದೆ? ರೂಟರ್‌ಗಳು ದಾರಿ ಹುಡುಕಲು ಬಳಸುವ ಓಎಸ್‌ಪಿಎಫ್, ಬಿಜಿಪಿ, ಇಐಜಿಆರ್‌ಪಿ ಚೆನ್ನಾಗಿ ನಡೆಯುತ್ತವೆ. ಸಿಲಬಸ್‌ನಲ್ಲಿರುವ ಎಸ್‌ಡಿ-ವ್ಯಾನ್ (ದೂರದ ಶಾಖೆಗಳ ನೆಟ್‌ವರ್ಕನ್ನು ಒಂದೇ ಕಡೆಯಿಂದ ಆಳುವುದು) ಇಲ್ಲ, ರೂಟರನ್ನು ಪ್ರೋಗ್ರಾಮ್‌ನಿಂದ ನಡೆಸುವ ನೆಟ್‌ಕಾನ್ಫ್ ಹಿಡಿದು ಪೈಥಾನ್‌ನಿಂದ ಆಡಿಸೋಣ ಎಂದರೆ ಇದು ಹೊಸ ಐಓಎಸ್-ಎಕ್ಸ್‌ಇ ಅಲ್ಲ. ಸಿಸ್ಕೋದ ಆರಂಭದ ಪರೀಕ್ಷೆ ಸಿಸಿಎನ್‌ಎ ಬರೆಯುವ ಹುಡುಗರಿಗೆ ಸಾಕು. ಅವರಿಗಾದರೂ ಸಿಸ್ಕೋದ ಅಭ್ಯಾಸದ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗುವಾಗ ಇದೇಕೆ?

ಬಾಡಿಗೆ ರ‍್ಯಾಕ್ ಒಂದು ತಿಂಗಳು ನೋಡಿದೆ. ಸಾಮಾನು ಚೆನ್ನಾಗಿತ್ತು, ದೂರು ಇಲ್ಲ. ಆದರೆ ನನ್ನ ನಾಲ್ಕೂವರೆಗೆ ಸ್ಲಾಟ್ ಸಿಗುತ್ತಿರಲಿಲ್ಲ, ಸಿಕ್ಕ ದಿನ ನೆಟ್ ಇರುತ್ತಿರಲಿಲ್ಲ. ಸ್ಲಾಟ್ ಮುಗಿಯಲು ಹತ್ತು ನಿಮಿಷ ಇದ್ದಾಗಲೇ ತಪ್ಪು ಎಲ್ಲಿದೆ ಅಂತ ಕಾಣಲು ಶುರುವಾಗುತ್ತದೆ. ಮೀಟರ್ ಓಡುತ್ತಿದ್ದರೆ ನನಗೆ ಪಾಠ ಹತ್ತುವುದಿಲ್ಲ.

ಈವ್-ಎನ್‌ಜಿ ಮಾತ್ರ ಒಳ್ಳೆಯ ಎದುರಾಳಿ. ಕಮ್ಯುನಿಟಿ ಆವೃತ್ತಿಗೆ ದುಡ್ಡಿಲ್ಲ, ಬ್ರೌಸರ್‌ನಲ್ಲೇ ಎಳೆದು ಜೋಡಿಸಬಹುದು, ಬೇರೆ ಕಂಪನಿಗಳ ಡಿವೈಸ್‌ಗಳನ್ನೂ ಸೇರಿಸಬಹುದು. ನನಗೆ ಅಡ್ಡ ಬಂದದ್ದು ಎರಡು. ಪುಕ್ಕಟೆ ಆವೃತ್ತಿಯಲ್ಲಿ ನೋಡ್ (ಲ್ಯಾಬಿನ ಒಂದೊಂದು ಡಿವೈಸ್) ಓಡುತ್ತಿರುವಾಗ ವೈರ್ ಬದಲಿಸಲು ಬರುವುದಿಲ್ಲ. ಒಂದು ಲಿಂಕ್ ಜೋಡಿಸಲು ರೂಟರ್ ನಿಲ್ಲಿಸಬೇಕು, ಮತ್ತೆ ಅದು ಏಳುವವರೆಗೆ ಕಾಯಬೇಕು. ಎರಡನೆಯದು ಇಮೇಜ್, ಅಂದರೆ ರೂಟರಿನ ಸಾಫ್ಟ್‌ವೇರ್ ಫೈಲು. ಈವ್ ಬರೀ ಪಾತ್ರೆ, ಅಕ್ಕಿ ನೀವೇ ತರಬೇಕು. ಸಿಸ್ಕೋ ಇಮೇಜ್‌ಗಳನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುವವರು ಬಹಳ ಜನ ಇದ್ದಾರೆ. ಅವರಿವರು ಕೊಟ್ಟ ಫೈಲನ್ನು ಮನೆಯ ನೆಟ್‌ವರ್ಕ್‌ನಲ್ಲಿ ಬೂಟ್ ಮಾಡಲು ನನಗೆ ಧೈರ್ಯ ಬರಲಿಲ್ಲ, ಅದು ಸರಿಯೂ ಅಲ್ಲ. ಆಫೀಸಿನಿಂದಲೇ ಇಮೇಜ್ ಸಿಗುವವರಿದ್ದರೆ ಈವ್‌ಗೇ ಹೋಗಿ, ನನ್ನ ಮಾತು ಕೇಳಬೇಡಿ.

ಸಿಎಂಎಲ್‌ನಲ್ಲಿ ಇಮೇಜ್‌ಗಳು ಜೊತೆಯಲ್ಲೇ ಬರುತ್ತವೆ. ನಾನು ಕೊಂಡಾಗ ಪರ್ಸನಲ್ ಲೈಸೆನ್ಸ್ ವರ್ಷಕ್ಕೆ 199 ಡಾಲರ್, ಬ್ಯಾಂಕಿನ ಚಾರ್ಜ್ ಸೇರಿ 17 ಸಾವಿರ ಚಿಲ್ಲರೆ ಬಿತ್ತು. 128 ಜಿಬಿ ರ‍್ಯಾಮ್ ಇರುವ ಹಳೆ ವರ್ಕ್‌ಸ್ಟೇಷನ್ 42 ಸಾವಿರ. ಈ ಸಲ ಬುದ್ಧಿ ಬಂದಿತ್ತು, ಯುಪಿಎಸ್ ಕೂಡ ತಂದೆ. ಒಟ್ಟು ಖರ್ಚು ಹಳೆ ರೂಟರ್‌ಗಳ ಎರಡೂವರೆ ಪಟ್ಟು. ಆದರೂ ಅಗ್ಗ ಅಂತಲೇ ಅನ್ನಿಸುತ್ತದೆ. ಎದ್ದ ತಕ್ಷಣ ಲ್ಯಾಬ್ ಸ್ಟಾರ್ಟ್ ಒತ್ತಿ ಚಹಾಕ್ಕೆ ಇಡುತ್ತೇನೆ. ಚಹಾ ಸೋಸಿಕೊಂಡು ಬರುವಷ್ಟರಲ್ಲಿ ರೂಟರ್‌ಗಳು ಎದ್ದಿರುತ್ತವೆ.

20 ನೋಡ್‌ಗಳ ಮಿತಿ ಇದೆ, ಅದು ಬಿಗಿಯೇ. ಎಸ್‌ಡಿ-ವ್ಯಾನ್ ಕಂಟ್ರೋಲರ್‌ಗಳನ್ನು ಇಟ್ಟರೆ ಉಳಿದದ್ದಕ್ಕೆ ಜಾಗ ಸಾಲದು, ರ‍್ಯಾಮೂ ಕರಗುತ್ತದೆ. ನಾನು ಲ್ಯಾಬನ್ನು ತುಂಡು ಮಾಡಿ ಓಡಿಸುತ್ತೇನೆ, ಒಂದು ದಿನ ಎಸ್‌ಡಿ-ವ್ಯಾನ್, ಇನ್ನೊಂದು ದಿನ ರೂಟಿಂಗ್. ಇನ್ನೊಂದು ಎಚ್ಚರ: ಕಾನ್ಫಿಗ್ ಎಕ್ಸ್‌ಟ್ರ್ಯಾಕ್ಟ್ ಮಾಡಿ ಉಳಿಸದೆ ನೋಡ್ ವೈಪ್ ಮಾಡಿ ಅಳಿಸಿದರೆ ಎಲ್ಲಾ ಹೋಯಿತು. ಒಂದು ಸಲ ಹೋಗಿದೆ.

ನನಗೆ ಬಹಳ ಉಪಯೋಗಕ್ಕೆ ಬಂದದ್ದು ಬೇರೆಯೇ. ಇಡೀ ಲ್ಯಾಬ್ ಯಾಮೆಲ್ ಎಂಬ ಒಂದು ಪಠ್ಯದ ಫೈಲಿನಲ್ಲಿ ಕೂರುತ್ತದೆ. ಧಾರವಾಡದಲ್ಲಿ ನನ್ನ ಹಾಗೇ ತಯಾರಿ ಮಾಡುವ ಗೆಳೆಯ ಒಬ್ಬನಿದ್ದಾನೆ. ಭಾನುವಾರ ನಾನು ಸರಿಯಾದ ಲ್ಯಾಬ್ ಕಳಿಸುತ್ತೇನೆ, ಅವನು ಅದರಲ್ಲಿ ನಾಲ್ಕೈದು ಕಡೆ ಕೆಡಿಸಿ ವಾಪಸ್ ಕಳಿಸುತ್ತಾನೆ. ಹೋದ ವಾರ ಒಂದು ಓಎಸ್‌ಪಿಎಫ್ ಜೋಡಿ ಎಕ್ಸ್‌ಸ್ಟಾರ್ಟ್ ಎಂಬ ನಡುವಿನ ಹಂತದಲ್ಲೇ ನಿಂತಿತ್ತು. ಪಿಂಗ್ ಹೋಗುತ್ತದೆ, ಏರಿಯಾ ಸರಿ, ಟೈಮರ್ ಸರಿ. ನಲವತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಲಿಂಕ್ ಮೇಲೆ ಪ್ಯಾಕೆಟ್ ಕ್ಯಾಪ್ಚರ್ ಒತ್ತಿ ನೋಡಿದೆ. ಒಂದು ಕಡೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 1500, ಇನ್ನೊಂದು ಕಡೆ 1400. ಫೋನ್ ಮಾಡಿ ಬೈದೆ. "ಪರೀಕ್ಷಾದಾಗ ಯಾರಿಗೆ ಬೈತೀಯೋ?" ಅಂದ.

ಬೆಂಗಳೂರಿನ ಬೂಟ್‌ಕ್ಯಾಂಪ್‌ಗಳಿಗೆ ನಾನು ಹೋಗಿಲ್ಲ, ಹಾಗಾಗಿ ಆ ಮಾತು ಬೇಡ. ಬೆಳಗ್ಗೆ ಎರಡೂವರೆ ಗಂಟೆ ಮಾತ್ರ ಸಿಗುವವರಿಗೆ, ವರ್ಷಕ್ಕೆ 17 ಸಾವಿರ ತೆಗೆದಿಡಬಲ್ಲವರಿಗೆ ಸಿಎಂಎಲ್. ದಿನವಿಡೀ ಬಿಡುವಿದ್ದು ಕೈ ಬಿಗಿ ಇದ್ದರೆ ಈವ್.

2811 ಎರಡೂ, 3560 ಎರಡೂ ಅಟ್ಟದ ಮೇಲಿವೆ. ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ. ರೂಟರ್ ಎರಡರಲ್ಲೂ ಐಓಎಸ್ ಇದೆ. ಕನ್ಸೋಲ್ ಕೇಬಲ್ ಪುಕ್ಕಟೆ, ಆದರೆ ವಿಂಡೋಸ್ ಇರುವವರು ಅದನ್ನು ಮುಟ್ಟಬೇಡಿ.