ನಾಲ್ಕು ಗೇರಿನ ಆರ್‌ಎಕ್ಸ್ 100ಕ್ಕೆ ಯಾವ ಪೈಪ್?

ಯಮಹಾದ ಟೂ-ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ಅನ್ನು ರೇಸಿಗೆ ಕಟ್ಟುವವರು ಮೊದಲು ಕೇಳುವುದೇ ಹೊಗೆ ಪೈಪಿನ ಬಗ್ಗೆ. ನನ್ನ ಗಾಡಿಗೆ ಎರಡು ಬಗೆಯ ಎಕ್ಸ್‌ಪ್ಯಾನ್ಷನ್ ಚೇಂಬರ್ (ನಡುವೆ ಹೊಟ್ಟೆ ಉಬ್ಬಿದ ಹೊಗೆ ಪೈಪ್) ಹಾಕಿ 402 ಮೀಟರ್ ಡ್ರ್ಯಾಗ್, ಅಂದರೆ ನೇರ ದಾರಿಯ ರೇಸ್, ಓಡಿಸಿದ್ದೇನೆ. ಒಂದು ಗಿಡ್ಡ, ಹೊಟ್ಟೆ ದಪ್ಪ, ಹಿಂದಿನ ಕೋನ್ (ಶಂಕುವಿನಂತೆ ಕಿರಿದಾಗುವ ಭಾಗ) ಕಡಿದಾಗಿ ಇಳಿಯುವಂಥದ್ದು. ಇನ್ನೊಂದು ಸ್ವಲ್ಪ ಉದ್ದ, ಕೋನ್‌ಗಳ ಇಳಿಜಾರು ಕಡಿಮೆ. ಉಳಿದದ್ದೆಲ್ಲ ಒಂದೇ: 50 × 50 ಮಿ.ಮೀ. ಸಿಲಿಂಡರ್, ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಒಂದು ಮಿ.ಮೀ. ಮೇಲಕ್ಕೆ, ಕಂಪನಿಯದೇ ನಾಲ್ಕು ಗೇರಿನ ಬಾಕ್ಸ್.

ಗಿಡ್ಡ ಪೈಪಿನ ಮಜಾ ಮೊದಲು ಹೇಳಿಬಿಡುತ್ತೇನೆ. ಕಂಪನಿ ಎಂಜಿನ್ 7,500 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತು) 11 ಪಿಎಸ್ ಶಕ್ತಿ ಕೊಟ್ಟು ಸುಸ್ತಾಗುತ್ತದಲ್ಲ, ಇದರ ಆಟ ಶುರುವಾಗುವುದೇ ಅಲ್ಲಿಂದ. ಸದ್ದು ಬದಲಾಗುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, 9,500ರವರೆಗೆ ಗಾಡಿ ಕಿತ್ತುಕೊಂಡು ಓಡುತ್ತದೆ. ಉದ್ದ ಪೈಪ್ ಅಂಥ ಏಟು ಕೊಡುವುದಿಲ್ಲ. ಅದು 5,500ಕ್ಕೇ ಎಳೆಯಲು ಶುರುಮಾಡಿ 8,500ರ ಹೊತ್ತಿಗೆ ಮುಗಿಸುತ್ತದೆ.

ಆದರೂ ಗೆರೆ ಮೊದಲು ದಾಟಿಸಿದ್ದು ಉದ್ದ ಪೈಪೇ. ಕಾರಣ ಗೇರ್ ಬಾಕ್ಸಿನಲ್ಲಿದೆ. 9,500ಕ್ಕೆ ಎರಡರಿಂದ ಮೂರಕ್ಕೆ ಹಾಕಿದರೆ ಆರ್‌ಪಿಎಂ ಮುಳ್ಳು ಏಳು ಸಾವಿರದ ಆಸುಪಾಸಿಗೆ ಬೀಳುತ್ತದೆ. ಗಿಡ್ಡ ಪೈಪ್ ಅಲ್ಲಿ ಮಲಗಿರುತ್ತದೆ. ಕ್ಲಚ್ ಜಾರಿಸಿ ಮತ್ತೆ ಎಬ್ಬಿಸಬೇಕು, ಅಷ್ಟರಲ್ಲಿ ಪಕ್ಕದವನು ಹೋಗಿರುತ್ತಾನೆ. ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದಿಲ್ಲ. ಸ್ಪ್ರಾಕೆಟ್ ಎಲ್ಲ ಗೇರನ್ನೂ ಒಟ್ಟಿಗೆ ಬದಲಿಸುತ್ತದೆ, ಗೇರುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ.

ಪೈಪ್ ಮಾಡುವ ಕೆಲಸ ಏನು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಎಕ್ಸಾಸ್ಟ್‌ನಿಂದ ಹೊರಟ ಒತ್ತಡದ ಅಲೆ ಹಿಂದಿನ ಕೋನಿಗೆ ಬಡಿದು ವಾಪಸ್ ಬರುತ್ತದೆ. ಪೋರ್ಟ್ ಮುಚ್ಚುವ ಮುಂಚೆ ಬಂದರೆ, ಸೋರಿಹೋಗುತ್ತಿದ್ದ ಪೆಟ್ರೋಲ್-ಗಾಳಿಯನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಗಿಡ್ಡ ಪೈಪಿನಲ್ಲಿ ಅಲೆ ಬೇಗ ಮರಳುವುದರಿಂದ ಜಾಸ್ತಿ ಆರ್‌ಪಿಎಂಗೆ ಮಾತ್ರ ಹೊಂದುತ್ತದೆ. ಕೋನ್ ಕಡಿದಾದಷ್ಟೂ ಏಟು ಜೋರು, ಹರವು ಕಡಿಮೆ. ಪೂರ್ವ ಜರ್ಮನಿಯ ಬೈಕ್ ಕಂಪನಿ ಎಂಜೆಡ್‌ನಲ್ಲಿ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಹದಕ್ಕೆ ತಂದ ವಿದ್ಯೆ ಇದು. ಇದೇ ದಾರಿಯಲ್ಲಿ ಮುಂದೆ ಹೋದ ಸುಜುಕಿ 1967ರಲ್ಲಿ ತನ್ನ 50 ಸಿಸಿ ರೇಸ್ ಗಾಡಿಗೆ 14 ಗೇರ್ ಕೊಟ್ಟಿತ್ತು. ಪವರ್‌ಬ್ಯಾಂಡ್, ಅಂದರೆ ಎಂಜಿನ್ ಚೆನ್ನಾಗಿ ಎಳೆಯುವ ಆರ್‌ಪಿಎಂ ಹರವು, ಅಷ್ಟು ಸಣ್ಣದಾದಾಗ ಬೇರೆ ದಾರಿ ಇರಲಿಲ್ಲ. ನಮ್ಮ ಹತ್ತಿರ ಇರುವುದು ನಾಲ್ಕೇ, ಅಲ್ವಾ?

ಜೆಟ್ಟಿಂಗ್‌ನಲ್ಲೂ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ (ಜೆಟ್) ಅಳತೆ ಹೊಂದಿಸುವುದರಲ್ಲೂ, ಉದ್ದ ಪೈಪೇ ಸಲೀಸು. ಎರಡಕ್ಕೂ ಮೇನ್ ಜೆಟ್ ದೊಡ್ಡದರಿಂದ ಶುರುಮಾಡಿ ಒಂದೊಂದೇ ಇಳಿಸುತ್ತಾ ಬಂದೆ. ಫುಲ್ ಥ್ರಾಟಲ್‌ನಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು. ಉದ್ದ ಪೈಪಿನಲ್ಲಿ ಪ್ಲಗ್ ಬೇಗ ಕಂದು ಬಣ್ಣಕ್ಕೆ ಬಂತು, ಅಂದರೆ ಜೆಟ್ ಸರಿಹೊಂದಿತು. ಗಿಡ್ಡದರಲ್ಲಿ ಒಂದು ಜೆಟ್ ಇಳಿಸಿದ ಕೂಡಲೇ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಬೆಳ್ಳಿ ಚುಕ್ಕೆಗಳು ಕಂಡವು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೇ ನಿಲ್ಲಿಸಿ ದೊಡ್ಡ ಜೆಟ್ಟಿಗೆ ಮರಳಿದೆ. ಬಾಲದ ಸಣ್ಣ ಪೈಪಿನ ಅಳತೆಯನ್ನೂ ನೋಡಿಕೊಳ್ಳಿ. ಸದ್ದು ಚೆನ್ನಾಗಿರುತ್ತದೆ ಅಂತ ಸುಮ್ನೆ ಸಣ್ಣ ಮಾಡಿದರೆ ಬಿಸಿ ಒಳಗೇ ಉಳಿದು ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿ ನಿಲ್ಲುತ್ತದೆ.

ಐದು ಗೇರಿನ ಆರ್‌ಎಕ್ಸ್ 135 ಇಟ್ಟುಕೊಂಡು ಕೇಳಿದರೆ ಗಿಡ್ಡ ಪೈಪ್ ಕಡೆ ಹೋಗಲು ಧೈರ್ಯವಾಗಿ ಹೇಳುತ್ತೇನೆ, ಆದರೆ ಅದರ ಸಿಲಿಂಡರ್ ಅಳತೆಗೇ ಕಟ್ಟಿದ ಪೈಪ್ ಆಗಿರಬೇಕು. ನಾಲ್ಕು ಗೇರಿನ ನೂರಕ್ಕೆ ಉದ್ದದ್ದೇ ಇರಲಿ.